ಪಿಡಿಎಫ್, ವರ್ಡ್ ಫೈಲ್‌ಗಳೆಲ್ಲ ಒಂದೇ ಥರ ಕಾಣುತ್ತಿವೆ, ಮೊದಲ ಪುಟ ಕಾಣುವ ಹಾಗೆ ಮಾಡೋದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ಮನೆಯ ಹಳೆಯ ಕಾಗದಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಫೋಲ್ಡರ್‌ಗೆ ಹಾಕಿದ್ದೇನೆ. ಸುಮಾರು 300 ಪಿಡಿಎಫ್ ಇವೆ, ಜೊತೆಗೆ ಒಂದಷ್ಟು ವರ್ಡ್ ಫೈಲ್. ಸ್ಕ್ಯಾನರ್ ಕೊಟ್ಟ ಹೆಸರನ್ನೇ ಬಿಟ್ಟಿದ್ದು ನನ್ನ ತಪ್ಪು. ಸ್ಕ್ಯಾನ್ 1, ಸ್ಕ್ಯಾನ್ 2 ಅಂತ ಹೋಗುತ್ತವೆ. ಫೋಟೋ ಫೋಲ್ಡರ್‌ನಲ್ಲಿ ಪ್ರತಿ ಚಿತ್ರವೂ ಪುಟ್ಟದಾಗಿ ಕಾಣುತ್ತದೆ, ಇಲ್ಲಿ ಮಾತ್ರ ಸಾಲಾಗಿ ಒಂದೇ ಗುರುತು. ಒಂದು ಕಾಗದ ಬೇಕೆಂದರೆ ಹತ್ತು ಫೈಲ್ ತೆರೆದು ಮುಚ್ಚಬೇಕು. ಅಣ್ಣನ ಮಗನ ಕಂಪ್ಯೂಟರ್‌ಗೆ ಇದೇ ಫೋಲ್ಡರ್ ಹಾಕಿದರೆ ಪಿಡಿಎಫ್‌ಗಳ ಮೊದಲ ಪುಟ ಚೆನ್ನಾಗಿ ಕಾಣುತ್ತದೆ. ಇಬ್ಬರದೂ ವಿಂಡೋಸ್ 11. ನನ್ನದರಲ್ಲಿ ಏನು ಕೆಟ್ಟಿದೆ?

ಉತ್ತರ: ಏನೂ ಕೆಟ್ಟಿಲ್ಲ. ನೀವು ಪಿಡಿಎಫ್‌ಗಳನ್ನು ಬ್ರೌಸರ್‌ನಲ್ಲೇ ತೆರೆಯುತ್ತೀರಿ, ಅಣ್ಣನ ಮಗ ಪಿಡಿಎಫ್ ಓದುವ ಅಡೋಬಿ ರೀಡರ್‌ನಂಥ ಪ್ರೋಗ್ರಾಂ ಏನೋ ಹಾಕಿಕೊಂಡಿದ್ದಾನೆ. ಸರೀನಾ?

ಫೋಟೋವನ್ನು ಪುಟ್ಟದು ಮಾಡಿ ತೋರಿಸುವುದು ವಿಂಡೋಸ್‌ಗೆ ತಾನಾಗಿಯೇ ಗೊತ್ತು. ಪಿಡಿಎಫ್ ಪುಟ ಹಾಗಲ್ಲ. 'ಈ ಫೈಲಿನ ಚಿತ್ರ ಬಿಡಿಸಿ ಕೊಡುವವರು ಯಾರಾದರೂ ಇದ್ದೀರಾ' ಅಂತ ಅದು ಕಂಪ್ಯೂಟರ್‌ನಲ್ಲಿರುವ ಪ್ರೋಗ್ರಾಂಗಳನ್ನು ಕೇಳುತ್ತದೆ. ಯಾರೂ ಕೈ ಎತ್ತದಿದ್ದರೆ ಬರೀ ಐಕಾನ್ ತೋರಿಸಿ ಸುಮ್ಮನಾಗುತ್ತದೆ. ಫೈಲ್ ತೆರೆಯಬಲ್ಲ ಪ್ರೋಗ್ರಾಂಗಳೆಲ್ಲ ಈ ಕೆಲಸವನ್ನೂ ಮಾಡುತ್ತವೆ ಅಂತೇನಿಲ್ಲ.

ಮೊದಲು ಎರಡು ಸಣ್ಣ ವಿಷಯ ನೋಡಿಬಿಡಿ. ನನ್ನ ಹತ್ತಿರ ಬರುವ ಇಂಥ ದೂರುಗಳಲ್ಲಿ ಸುಮಾರು ಇಲ್ಲೇ ಮುಗಿಯುತ್ತವೆ. ಫೋಲ್ಡರ್ 'ಲಿಸ್ಟ್' ಅಥವಾ 'ಡೀಟೇಲ್ಸ್' ನೋಟದಲ್ಲಿದ್ದರೆ ಏನು ಮಾಡಿದರೂ ಥಂಬ್‌ನೇಲ್, ಅಂದರೆ ಆ ಪುಟ್ಟ ಚಿತ್ರ, ಬರುವುದಿಲ್ಲ. ಕಂಟ್ರೋಲ್ ಒತ್ತಿಹಿಡಿದು ಮೌಸ್ ಚಕ್ರ ತಿರುಗಿಸಿ, ಐಕಾನ್ ದೊಡ್ಡದಾಗಲಿ. ಆಮೇಲೆ ಮೇಲಿನ ಮೂರು ಚುಕ್ಕಿ ಒತ್ತಿ, 'ಆಪ್ಷನ್ಸ್'ಗೆ ಹೋಗಿ, 'ವ್ಯೂ' ಹಾಳೆಯಲ್ಲಿ 'ಆಲ್ವೇಸ್ ಶೋ ಐಕಾನ್ಸ್, ನೆವರ್ ಥಂಬ್‌ನೇಲ್ಸ್' ಅನ್ನುವ ಸಾಲಿಗೆ ಟಿಕ್ ಇದ್ದರೆ ತೆಗೆಯಿರಿ. ನಿಮ್ಮ ಫೋಟೋಗಳು ಕಾಣುತ್ತಿವೆ ಅಂದಮೇಲೆ ಅಲ್ಲಿ ಟಿಕ್ ಇರಲಾರದು, ಆದರೂ ಹೇಳಿದೆ.

ಇನ್ನು ಅಸಲಿ ಕೆಲಸ. ಅಡೋಬಿ ರೀಡರ್ ಹಾಕಿಕೊಂಡು, ಅದರೊಳಗೆ ಕಂಟ್ರೋಲ್ ಮತ್ತು ಕೆ ಒತ್ತಿ. ಪ್ರಿಫರೆನ್ಸಸ್ ತೆರೆಯುತ್ತದೆ. 'ಜನರಲ್' ವಿಭಾಗದಲ್ಲಿ 'ಎನೇಬಲ್ ಪಿಡಿಎಫ್ ಥಂಬ್‌ನೇಲ್ ಪ್ರಿವ್ಯೂಸ್ ಇನ್ ವಿಂಡೋಸ್ ಎಕ್ಸ್‌ಪ್ಲೋರರ್' ಅಂತ ಇದೆ. ಅದಕ್ಕೆ ಟಿಕ್ ಹಾಕಿ ಓಕೆ ಕೊಡಿ. ಅಷ್ಟು ದೊಡ್ಡ ಪ್ರೋಗ್ರಾಂ ಬೇಡ ಅನ್ನಿಸಿದರೆ ಮೈಕ್ರೋಸಾಫ್ಟ್‌ನದೇ 'ಪವರ್‌ಟಾಯ್ಸ್' ಉಚಿತವಾಗಿ ಸಿಗುತ್ತದೆ. ಅದರ 'ಫೈಲ್ ಎಕ್ಸ್‌ಪ್ಲೋರರ್ ಆಡ್ಆನ್ಸ್' ವಿಭಾಗದಲ್ಲಿ ಪಿಡಿಎಫ್ ಥಂಬ್‌ನೇಲ್ ಆನ್ ಮಾಡಿಕೊಳ್ಳಬಹುದು.

ಪ್ರಶ್ನೆ ಕೇಳಿದವರು: ಬ್ರೌಸರ್ ಅಂತ ಹೇಗೆ ಗೊತ್ತಾಯ್ತು ಸರ್! ರೀಡರ್ ಹಾಕಿದೆ, ಪಿಡಿಎಫ್‌ಗಳೆಲ್ಲ ಕಾಣುತ್ತಿವೆ. ಆದರೆ ವರ್ಡ್ ಫೈಲ್‌ಗಳು ಹಾಗೇ ನೀಲಿ ಡಬ್ಲ್ಯೂ ತೋರಿಸುತ್ತಿವೆ. ವರ್ಡ್ ಅಂತೂ ಮೊದಲಿಂದಲೂ ಇದೆಯಲ್ಲ?

ಉತ್ತರ: ಇದರ ಕಥೆಯೇ ಬೇರೆ, ನನಗೆ ಇಷ್ಟದ ವಿಷಯ ಕೂಡ. ವರ್ಡ್ ಫೈಲಿನ ಚಿತ್ರವನ್ನು ನೋಡುವಾಗ ಯಾರೂ ಬಿಡಿಸುವುದಿಲ್ಲ. ಫೈಲ್ ಸೇವ್ ಮಾಡುವಾಗಲೇ ಒಂದು ಪುಟ್ಟ ಚಿತ್ರವನ್ನು ಅದರ ಹೊಟ್ಟೆಯೊಳಗೆ ಇಟ್ಟಿರಬೇಕು. ಇಟ್ಟಿದ್ದರೆ ಕಾಣುತ್ತದೆ, ಇಲ್ಲದಿದ್ದರೆ ಡಬ್ಲ್ಯೂ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ವರ್ಡ್‌ನ ಒಂದು ಡಾಕ್ಸ್ ಫೈಲಿನ ನಕಲು ತೆಗೆದು, ಹೆಸರಿನ ಕೊನೆಯ 'ಡಾಕ್ಸ್' ತೆಗೆದು 'ಜಿಪ್' ಅಂತ ಬರೆಯಿರಿ. 2007ರ ವರ್ಡ್ ಜೊತೆ ಬಂದ ಈ ನಮೂನೆ ನಿಜಕ್ಕೂ ಒಂದು ಜಿಪ್ ಗಂಟು. ಬಿಚ್ಚಿದರೆ ಒಳಗೆ 'ಡಾಕ್‌ಪ್ರಾಪ್ಸ್' ಅಂತ ಒಂದು ಫೋಲ್ಡರ್ ಇರುತ್ತದೆ. ಅದರಲ್ಲಿ 'ಥಂಬ್‌ನೇಲ್' ಹೆಸರಿನ ಫೈಲ್ ಇದೆಯಾ ನೋಡಿ. ನಿಮ್ಮ ಫೈಲ್‌ಗಳಲ್ಲಿ ಇರುವುದಿಲ್ಲ.

ಇನ್ನು ಮುಂದೆ ಬರಬೇಕಾದರೆ 'ಸೇವ್ ಆ್ಯಸ್' ಕಿಟಕಿಯಲ್ಲಿ 'ಸೇವ್ ಥಂಬ್‌ನೇಲ್'ಗೆ ಟಿಕ್ ಹಾಕಿ ಉಳಿಸಿ. ಪ್ರತಿ ಸಲವೂ ಟಿಕ್ ಹಾಕುವುದು ತಲೆನೋವು ಅಲ್ವಾ? ಹಾಗಾದರೆ ಫೈಲ್, ಇನ್ಫೋ, ಬಲಗಡೆ ಪ್ರಾಪರ್ಟೀಸ್, ಅಡ್ವಾನ್ಸ್ಡ್ ಪ್ರಾಪರ್ಟೀಸ್ ಅಂತ ಹೋಗಿ. 'ಸಮರಿ' ಹಾಳೆಯ ಅಡಿಯಲ್ಲಿ 'ಸೇವ್ ಥಂಬ್‌ನೇಲ್ಸ್ ಫಾರ್ ಆಲ್ ವರ್ಡ್ ಡಾಕ್ಯುಮೆಂಟ್ಸ್' ಇದೆ. ಹಳೆಯ ಫೈಲ್‌ಗಳಿಗೆ ಇದು ತಾನಾಗಿ ಅನ್ವಯ ಆಗುವುದಿಲ್ಲ, ಒಂದೊಂದನ್ನೂ ತೆರೆದು ಮತ್ತೆ ಸೇವ್ ಮಾಡಬೇಕು. ಅಷ್ಟಕ್ಕಾಗಿ ಕೂರುವುದು ದಂಡ ಅಂತ ನನ್ನ ಅಭಿಪ್ರಾಯ. ಫೋಲ್ಡರ್‌ನಲ್ಲಿ ಆಲ್ಟ್ ಮತ್ತು ಪಿ ಒತ್ತಿ. ಬಲಗಡೆ ಪ್ರಿವ್ಯೂ ಪಟ್ಟಿ ತೆರೆಯುತ್ತದೆ. ಬಾಣದ ಕೀಲಿಯಿಂದ ಕೆಳಗೆ ಇಳಿಯುತ್ತಾ ಹೋದರೆ ಒಂದೊಂದು ಫೈಲಿನ ಪುಟವೂ ಓದುವಷ್ಟು ದೊಡ್ಡದಾಗಿ ಕಾಣುತ್ತದೆ.

ವರ್ಡ್ ಬದಲು ಲಿಬ್ರೆಆಫೀಸ್ ಅನ್ನುವ ಉಚಿತ ಪ್ರೋಗ್ರಾಂ ಬಳಸುವವರಿಗೆ ಈ ಗೋಳು ಕಡಿಮೆ. ಅದರ ಓಡಿಟಿ ಫೈಲ್‌ಗಳೂ ಜಿಪ್ ಗಂಟೇ, ಆದರೆ ಮೊದಲ ಪುಟದ ಚಿತ್ರವನ್ನು ಅದು ಕೇಳದೆಯೇ ಒಳಗೆ ಇಟ್ಟುಬಿಡುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ನಡುವೆ ಬಂದೆ, ಬೇಸರ ಮಾಡ್ಕೋಬೇಡಿ. ನನಗೆ ಆಲ್ಟ್ ಪಿ ಒತ್ತಿದರೆ ಕೆಲವು ಫೈಲ್‌ಗಳಿಗೆ ಪುಟದ ಬದಲು ಎಚ್ಚರಿಕೆ ಬರುತ್ತದೆ. ಈ ಫೈಲ್ ನಿಮ್ಮ ಕಂಪ್ಯೂಟರ್‌ಗೆ ಹಾನಿ ಮಾಡಬಹುದು ಅಂತ. ವೈರಸ್ಸಾ?

ಉತ್ತರ: ಆ ಫೈಲ್‌ಗಳು ಮೇಲ್‌ನಲ್ಲೋ ಇಂಟರ್ನೆಟ್‌ನಿಂದಲೋ ಇಳಿಸಿಕೊಂಡವು ಅಂದುಕೊಳ್ಳುತ್ತೇನೆ. ಹೊರಗಿಂದ ಬಂದ ಫೈಲಿಗೆ ವಿಂಡೋಸ್ ಒಂದು ಅದೃಶ್ಯ ಮುದ್ರೆ ಒತ್ತುತ್ತದೆ. 2025ರ ಅಕ್ಟೋಬರ್ ಅಪ್‌ಡೇಟ್ ಆದಮೇಲೆ ಆ ಮುದ್ರೆ ಇರುವ ಫೈಲ್‌ಗಳ ಪ್ರಿವ್ಯೂ ತಾನಾಗಿ ನಿಲ್ಲುತ್ತದೆ. ತೆರೆಯದೆ, ಬರೀ ಪ್ರಿವ್ಯೂ ನೋಡಿದರೂ ಲಾಗಿನ್ ಗುಟ್ಟು ಹೊರಹೋಗುವಂಥ ಕಿಂಡಿ ಇತ್ತು, ಅದಕ್ಕೇ ಈ ಬಂದೋಬಸ್ತು.

ಕಳಿಸಿದವರು ಗೊತ್ತಿದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೆಳಗಡೆ 'ಅನ್‌ಬ್ಲಾಕ್'ಗೆ ಟಿಕ್ ಹಾಕಿ ಓಕೆ ಕೊಡಿ. ಗೊತ್ತಿಲ್ಲದವರದ್ದಾದರೆ ಆ ಗೊಡವೆಗೆ ಹೋಗಬೇಡಿ.

ಮತ್ತೊಬ್ಬರು: ನನ್ನದು ಉಲ್ಟಾ ಸಮಸ್ಯೆ. ಫೈಲ್ ತಿದ್ದಿದ ಮೇಲೂ ಹಳೆಯ ಚಿತ್ರವೇ ಬರುತ್ತಿದೆ. ಇನ್ನೊಂದು ಅನುಮಾನ, ಅಳಿಸಿದ ಫೈಲಿನ ಚಿತ್ರ ಎಲ್ಲಾದರೂ ಉಳಿದಿರುತ್ತಾ?

ಉತ್ತರ: ಉಳಿದಿರಬಹುದು. ಪ್ರತಿ ಸಲ ಹೊಸದಾಗಿ ಬಿಡಿಸುತ್ತಾ ಕೂತರೆ ಫೋಲ್ಡರ್ ತೆರೆಯಲು ಜಾಸ್ತಿ ಹೊತ್ತು ಬೇಕು. ಅದಕ್ಕೆ ಒಮ್ಮೆ ಬಿಡಿಸಿದ್ದನ್ನು ವಿಂಡೋಸ್ 'ಥಂಬ್‌ಕ್ಯಾಶ್' ಅನ್ನುವ ಹೆಸರಿನ ಫೈಲ್‌ಗಳಲ್ಲಿ ಕೂಡಿಡುತ್ತದೆ. ಹಳೆಯ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಚಿತ್ರಗಳಿದ್ದ ಫೋಲ್ಡರ್‌ಗಳಲ್ಲಿ 'ಥಂಬ್ಸ್ ಡಾಟ್ ಡಿಬಿ' ಅಂತ ಒಂದು ಕಾಣಿಸಿಕೊಳ್ಳುತ್ತಿತ್ತು, ಜನ ಅದನ್ನೇ ವೈರಸ್ ಅಂದುಕೊಂಡು ನನಗೆ ಫೋನ್ ಮಾಡುತ್ತಿದ್ದರು. ಅದರ ನಂತರ ಬಂದ ವಿಸ್ಟಾದಿಂದ ಈಚೆಗೆ ಬಳಕೆದಾರರಿಗೊಂದು ಜಾಗ ಮಾಡಿ ಅಲ್ಲೇ ಇಡುತ್ತದೆ. ಫೈಲ್ ಅಳಿಸಿದ ಕೂಡಲೇ ಅಲ್ಲಿನ ಚಿತ್ರವೂ ಹೋಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಕಂಪ್ಯೂಟರನ್ನು ಬೇರೆಯವರಿಗೆ ಕೊಡುವಾಗ ಇದು ನೆನಪಿರಲಿ.

ನಿಮ್ಮ ಎರಡೂ ಸಮಸ್ಯೆಗೆ ಮದ್ದು ಒಂದೇ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಅಲ್ಲಿ 'ಥಂಬ್‌ನೇಲ್ಸ್' ಒಂದಕ್ಕೆ ಟಿಕ್ ಇಟ್ಟು ಉಳಿದ ಟಿಕ್ ತೆಗೆದು ಅಳಿಸಿ. 'ಡೌನ್‌ಲೋಡ್ಸ್' ಅನ್ನುವ ಸಾಲೂ ಅದೇ ಪಟ್ಟಿಯಲ್ಲಿದೆ, ಕಣ್ಣುಮುಚ್ಚಿ ಒತ್ತಿ ಆಮೇಲೆ ನನ್ನನ್ನು ಬೈಯಬೇಡಿ. ನಿಮ್ಮ ಫೈಲ್‌ಗಳಿಗೆ ಏನೂ ಆಗುವುದಿಲ್ಲ, ಫೋಲ್ಡರ್ ಮತ್ತೆ ತೆರೆದಾಗ ಚಿತ್ರಗಳು ಹೊಸದಾಗಿ ಮೂಡುತ್ತವೆ.

ಅವರೇ: ಮ್ಯಾಕ್‌ನಲ್ಲೂ ಇಷ್ಟೆಲ್ಲ ಮಾಡಬೇಕಾ?

ಉತ್ತರ: ಇಲ್ಲ. ಫೈಲ್ ಆರಿಸಿ ಸ್ಪೇಸ್‌ಬಾರ್ ಒತ್ತಿದರೆ ಸಾಕು, 2007ರಿಂದಲೂ ಆ ಸೌಲಭ್ಯ ಇದೆ. ಹೆಸರು 'ಕ್ವಿಕ್ ಲುಕ್'. ಐಕಾನ್‌ನಲ್ಲೇ ಪುಟ ಬೇಕಾದರೆ ವ್ಯೂ ಮೆನುವಿನ 'ಶೋ ವ್ಯೂ ಆಪ್ಷನ್ಸ್'ನಲ್ಲಿ 'ಶೋ ಐಕಾನ್ ಪ್ರಿವ್ಯೂ'ಗೆ ಟಿಕ್ ಹಾಕಿ.

ಪ್ರಶ್ನೆ ಕೇಳಿದವರು: ಸರ್, ಕೊನೆಯದಾಗಿ. ಒಂದು ಹತ್ತು ಪಿಡಿಎಫ್ ಖಾಲಿ ಬಿಳಿ ಹಾಳೆಯ ಹಾಗೆ ಕಾಣುತ್ತಿವೆ. ಮೂರು ಮಾತ್ರ ಇನ್ನೂ ಐಕಾನ್ ಆಗೇ ಇವೆ.

ಉತ್ತರ: ಬಿಳಿಯವನ್ನು ತೆರೆದು ನೋಡಿ, ಮೊದಲ ಪುಟವೇ ಖಾಲಿ ಇರಬೇಕು. ಸ್ಕ್ಯಾನರ್‌ಗೆ ಹಾಳೆ ಉಲ್ಟಾ ಹೋಗಿರುತ್ತದೆ. ಥಂಬ್‌ನೇಲ್‌ಗೆ ಎರಡನೇ ಪುಟದ ಗೊಡವೆ ಇಲ್ಲ. ಉಳಿದ ಮೂರಕ್ಕೆ ಪಾಸ್‌ವರ್ಡ್ ಇದೆಯಾ?

ಪ್ರಶ್ನೆ ಕೇಳಿದವರು: ಹೌದು ಸರ್, ಮೂರಕ್ಕೂ ಇದೆ.

ಉತ್ತರ: ಹಾಗಾದರೆ ಅವು ಕಾಣಬಾರದು. ಕಂಡಿದ್ದರೆ ನಾನೇ ಗಾಬರಿ ಆಗುತ್ತಿದ್ದೆ.