ಪ್ರಶ್ನಾಪದದೊಂದಿಗೆ ‘ಫಾರ್’, ‘ಟು’, ‘ಫ್ರಮ್’ ಎಲ್ಲಿ ನಿಲ್ಲಬೇಕು?

ಪ್ರಶ್ನೆ (ಗಂಗಾವತಿಯಿಂದ):
ಎಲ್ಲರಿಗೂ ನಮಸ್ಕಾರ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನಾನು ಹೊರರಾಜ್ಯದ ವ್ಯಾಪಾರಿಗಳೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡಬೇಕಾಗುತ್ತದೆ. ‘ಯಾರನ್ನು ಕಾಯುತ್ತಿದ್ದೀರಿ?’ ಎನ್ನಲು ‘ಹೂ ಆರ್ ಯು ವೇಟಿಂಗ್?’ ಎಂದರೆ ಸಾಲದೇ? ಕೊನೆಗೆ ‘ಫಾರ್’ ಸೇರಿಸೋಣವೆಂದರೆ, ವಾಕ್ಯವು ‘ಫಾರ್’, ‘ಟು’ ಮುಂತಾದ ಪ್ರಿಪೊಸಿಷನ್‌ನಿಂದ ಮುಗಿಯಬಾರದೆಂದು ಶಾಲೆಯಲ್ಲಿ ಹೇಳಿಕೊಟ್ಟ ನಿಯಮ ಅಡ್ಡ ಬರುತ್ತದೆ.

ಉತ್ತರ (ರಾಯಚೂರಿನಿಂದ):
ಸಾಲದು ಸರ್, ‘ಹೂ ಆರ್ ಯು ವೇಟಿಂಗ್ ಫಾರ್?’ ಎಂಬುದೇ ಸರಿ. ಕೊನೆಯ ಪ್ರಿಪೊಸಿಷನ್‌ಗೆ ಕವಿ ಜಾನ್ ಡ್ರೈಡನ್ 1672ರಲ್ಲಿ ಆಕ್ಷೇಪ ಎತ್ತಿದ್ದುಂಟು, ಆದರೆ ಇಂದಿನ ವ್ಯಾಕರಣಕಾರರು ಅದನ್ನು ನಿಯಮವೆಂದು ಒಪ್ಪುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ‘ಯಾರಿಗೆ’, ‘ಯಾವುದರಿಂದ’ ಎಂದು ಪ್ರಶ್ನಾಪದಕ್ಕೇ ಅಂಟಿ ಬರುವುದರಿಂದ, ಇಂಗ್ಲಿಷಿನಲ್ಲಿ ಪ್ರಶ್ನಾಪದ ಮುಂದೆ ಹೋದ ಮೇಲೂ ಪ್ರಿಪೊಸಿಷನ್ ಹಿಂದೆಯೇ ಉಳಿಯುತ್ತದೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲು ಉತ್ತರವನ್ನು ಬರೆದುಕೊಳ್ಳಿ. ‘ಐ ಸೋಲ್ಡ್ ದ ಪ್ಯಾಡಿ ಟು ದಟ್ ಮಿಲ್’ ಎಂಬಲ್ಲಿ ‘ಟು’ ಇದೆ. ಹಾಗಾಗಿ ಪ್ರಶ್ನೆ ‘ವಿಚ್ ಮಿಲ್ ಡಿಡ್ ಯು ಸೆಲ್ ದ ಪ್ಯಾಡಿ ಟು?’ ಎಂದಾಗುತ್ತದೆ.

ಕನ್ನಡದ ಪ್ರತ್ಯಯವನ್ನು ನೋಡಿ ಪ್ರಿಪೊಸಿಷನ್ ಆರಿಸುವುದು ಅಪಾಯಕರ. ನಾವು ‘ಏನನ್ನು ಹುಡುಕುತ್ತಿದ್ದೀರಿ’ ಎನ್ನುವಲ್ಲಿ ಅವರಿಗೆ ‘ಲುಕಿಂಗ್ ಫಾರ್’ ಬೇಕು. ನಾವು ‘ಯಾವುದರ ಬಗ್ಗೆ ಚರ್ಚಿಸಿದಿರಿ’ ಎನ್ನುವಲ್ಲಿ ‘ವಾಟ್ ಡಿಡ್ ಯು ಡಿಸ್ಕಸ್?’ ಎಂದರೆ ಮುಗಿಯಿತು, ‘ಅಬೌಟ್’ ಸೇರಿಸಿದರೆ ತಪ್ಪು. ಕ್ರಿಯಾಪದವನ್ನು ಅದರ ಜೊತೆಗಾರನೊಂದಿಗೇ ಕಲಿಯುವುದು ಒಳ್ಳೆಯದು.

ಮರುಪ್ರಶ್ನೆ (ಗಂಗಾವತಿಯಿಂದ):
ತುಂಬಾ ಉಪಕಾರವಾಯಿತು ಸರ್. ಹಾಗಾದರೆ ‘ವೇರ್ ಆರ್ ಯು ಗೋಯಿಂಗ್?’ ಎಂಬಲ್ಲಿ ‘ಟು’ ಏಕಿಲ್ಲ? ಪತ್ರದಲ್ಲಿಯೂ ಇದೇ ಕ್ರಮವೇ?

ಉತ್ತರ (ರಾಯಚೂರಿನಿಂದ):
‘ಟು ಕೊಪ್ಪಳ’ ಎಂಬ ಇಡೀ ಭಾಗದ ಜಾಗದಲ್ಲಿ ‘ವೇರ್’ ಒಂದೇ ನಿಲ್ಲುವುದರಿಂದ ಅಲ್ಲಿ ‘ಟು’ ಬೇಕಿಲ್ಲ. ಆದರೆ ‘ಫ್ರಮ್’ ಬಿಡುವಂತಿಲ್ಲ: ‘ವೇರ್ ಆರ್ ಯು ಫ್ರಮ್?’ ಎಂದರೆ ಯಾವ ಊರಿನವರೆಂದು ಕೇಳಿದಂತೆ, ‘ಫ್ರಮ್’ ಬಿಟ್ಟರೆ ಈಗ ಎಲ್ಲಿದ್ದೀರೆಂದು ಕೇಳಿದಂತೆ.

ಔಪಚಾರಿಕ ಪತ್ರದಲ್ಲಿ ಪ್ರಿಪೊಸಿಷನ್ ಮುಂದಿಡುವ ರೂಢಿಯಿದೆ. ಆಗ ‘ಹೂ’ ಬದಲು ‘ಹೂಮ್’ ಬರೆಯಬೇಕು: ‘ಟು ಹೂಮ್ ಶುಡ್ ವಿ ಸೆಂಡ್ ದ ಬಿಲ್?’ ಫೋನಿನಲ್ಲಿ ಮಾತ್ರ ‘ಹೂ ಶುಡ್ ವಿ ಸೆಂಡ್ ದ ಬಿಲ್ ಟು?’ ಎಂದೇ ಕೇಳಿ. ವ್ಯಾಪಾರಿಗಳ ಕಿವಿಗೆ ಅದೇ ಸಹಜವಾಗಿ ಕೇಳಿಸುತ್ತದೆ.