ಕೇಸು ಸೋತ ವಕೀಲನ ಧೈರ್ಯದಿಂದ ಯಾರಿಗೆ ಏನು ಸಿಕ್ತು? ಮಗಳ ಪ್ರಶ್ನೆ

ಉಣಕಲ್_ಓದುಗ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಈ ವರ್ಷ ಅವರ ಶಾಲೆಯಲ್ಲಿ ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಓದಿಸುತ್ತಿದ್ದಾರೆ. ಅವಳ ಜೊತೆ ನಾನೂ ಓದಿದೆ. ಓದದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. 1930ರ ದಶಕ, ಅಮೆರಿಕದ ಅಲಬಾಮಾ ರಾಜ್ಯದ ಒಂದು ಸಣ್ಣ ಊರು. ಟಾಮ್ ರಾಬಿನ್ಸನ್ ಅನ್ನೋ ಕಪ್ಪು ಜನಾಂಗದ ಕೂಲಿಗಾರ, ಬಿಳಿಯ ಹುಡುಗಿಯೊಬ್ಬಳನ್ನು ಕೆಡಿಸಿದ ಅಂತ ಸುಳ್ಳು ಆರೋಪ. ಅವನ ಪರ ವಾದಿಸುವ ವಕೀಲ ಆ್ಯಟಿಕಸ್ ಫಿಂಚ್. ಕಥೆ ಹೇಳುವವಳು ವಕೀಲನ ಮಗಳು ಸ್ಕೌಟ್. ಶುರುವಿನಲ್ಲಿ ಅವಳಿಗೆ ಆರು ವರ್ಷ ಕೂಡ ತುಂಬಿಲ್ಲ.

ಪರೀಕ್ಷೆಗೆ ‘ಮುಗ್ಧತೆ’ ಅಂದರೆ ಸ್ಕೌಟ್, ‘ಅನ್ಯಾಯ’ ಅಂದರೆ ಟಾಮ್‌ಗೆ ಆದದ್ದು, ‘ನೈತಿಕ ಧೈರ್ಯ’ ಅಂದರೆ ಆ್ಯಟಿಕಸ್, ಹೀಗೆ ಹಂಚಿ ನೋಟ್ಸ್ ಬರೆಸಿದ್ದಾರೆ. ಮಗಳು ಅದನ್ನು ಓದಿ ನನ್ನ ಹತ್ತಿರ ಬಂದು ಕೇಳಿದಳು. “ಅಪ್ಪಾ, ಟಾಮ್ ತಪ್ಪು ಮಾಡಿಲ್ಲ ಅಂತ ಕೋರ್ಟಲ್ಲಿ ಕೂತವರಿಗೆಲ್ಲ ಗೊತ್ತಾಯ್ತು. ಆದ್ರೂ ಶಿಕ್ಷೆ ಕೊಟ್ರು. ಆಮೇಲೆ ಜೈಲಿಂದ ಓಡಿಹೋಗೋಕೆ ನೋಡಿದಾಗ ಗುಂಡು ಹೊಡೆದ್ರು. ಮೈಯಲ್ಲಿ 17 ಗುಂಡು! ಮತ್ತೆ ಆ ವಕೀಲನ ಧೈರ್ಯದಿಂದ ಟಾಮ್‌ಗೆ ಏನು ಸಿಕ್ತು? ಸತ್ತವನು ಒಬ್ಬ, ಹೊಗಳಿಸಿಕೊಳ್ಳೋನು ಇನ್ನೊಬ್ಬ ಅಲ್ವಾ?”

ಸುಮ್ನೆ ಏನೋ ಒಂದು ಹೇಳಿ ಕಳಿಸೋಕೆ ಮನಸ್ಸಿಲ್ಲ. ಅವಳು ಕೇಳಿದ್ದು ಸರಿ ಅಂತಲೇ ನನಗೆ ಅನಿಸುತ್ತೆ. ಓದಿದವರು, ಪಾಠ ಮಾಡಿದವರು ದಯವಿಟ್ಟು ಹೇಳಿ.

ನವನಗರ_ಲಾ

ನಾನು ಕಾನೂನು ಓದುತ್ತಿದ್ದೇನೆ, ಹಾಗಾಗಿ ಕೋರ್ಟಿನ ಭಾಗವನ್ನೇ ಜಾಸ್ತಿ ಓದಿದ್ದೇನೆ. ಮೊದಲು ಮಗಳಿಗೆ ಸಾಕ್ಷ್ಯ ತೋರಿಸಿ. ಹುಡುಗಿಯ ಮುಖಕ್ಕೆ ಪೆಟ್ಟು ಬಿದ್ದದ್ದು ಬಲಗಡೆ. ಎದುರು ನಿಂತು ಹೊಡೆದವನು ಎಡಗೈ ಬಳಸಿರಬೇಕು. ಟಾಮ್‌ನ ಎಡಗೈ ಚಿಕ್ಕಂದಿನಲ್ಲೇ ಹತ್ತಿ ಜಿನ್ನಿಗೆ ಸಿಕ್ಕು ನಿಷ್ಪ್ರಯೋಜಕ ಆಗಿದೆ. ಹುಡುಗಿಯ ಅಪ್ಪ ಬಾಬ್ ಯೂವೆಲ್ ಕೋರ್ಟಲ್ಲೇ ಎಡಗೈಯಲ್ಲಿ ಹೆಸರು ಬರೆದು ತೋರಿಸುತ್ತಾನೆ. ಡಾಕ್ಟರನ್ನಂತೂ ಯಾರೂ ಕರೆಸಿಯೇ ಇಲ್ಲ. ಇಷ್ಟೆಲ್ಲ ಇದ್ದೂ ಜ್ಯೂರಿ (ತೀರ್ಪು ಹೇಳೋಕೆ ಆರಿಸಿದ ಸಾಮಾನ್ಯ ಜನರ ಗುಂಪು) ‘ಅಪರಾಧಿ’ ಅಂತ ಹೇಳುತ್ತೆ. ಅನ್ಯಾಯ ಅಂದರೆ ಸಾಕ್ಷ್ಯ ಸಿಗದೇ ಇರೋದು ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಎಲ್ಲ ಕಣ್ಣೆದುರಿಗೇ ಇದೆ, ನೋಡಿದ ಮೇಲೂ ಆ ಹನ್ನೆರಡು ಜನ ಬಿಳಿಯರು ಅವನನ್ನು ಬಿಡಲಿಲ್ಲ.

ಆ್ಯಟಿಕಸ್ ಈ ಕೇಸನ್ನು ತಾನಾಗಿ ಹುಡುಕಿಕೊಂಡು ಹೋದವನೂ ಅಲ್ಲ. ಇಂಥ ಕೇಸು ಸಾಮಾನ್ಯವಾಗಿ ಹೊಸದಾಗಿ ಬಂದ ವಕೀಲನ ಪಾಲಿಗೆ ಹೋಗುತ್ತಿತ್ತು. ನ್ಯಾಯಾಧೀಶ ಟೇಲರ್ ಬೇಕಂತಲೇ ಆ್ಯಟಿಕಸ್‌ಗೆ ಕೊಟ್ಟ. ತೀರ್ಪಾದ ಮರುದಿನ ಎದುರು ಮನೆಯ ಮಿಸ್ ಮೌಡಿ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುತ್ತಾಳೆ. ಜ್ಯೂರಿಯಲ್ಲೂ ಕನಿಂಗ್‌ಹ್ಯಾಮ್ ಅನ್ನೋ ಬಡ ರೈತ ಮನೆತನದ ಕಡೆಯವನೊಬ್ಬ ಮೊದಲು ಟಾಮ್‌ನನ್ನು ಬಿಡಬೇಕು ಅಂತ ಹಟ ಹಿಡಿದಿದ್ದ. ಟಾಮ್‌ನನ್ನು ಕೊಲ್ಲೋಕೆ ಅಂತ ರಾತ್ರಿ ಜೈಲಿನ ಮುಂದೆ ಬಂದ ಗುಂಪಿನಲ್ಲಿ ಇದ್ದದ್ದೂ ಅದೇ ಮನೆತನದವರು! ಅಂದರೆ ಧೈರ್ಯ ಒಬ್ಬನ ಹತ್ತಿರ ಮಾತ್ರ ಇರಲಿಲ್ಲ, ಬೇರೆಯವರಲ್ಲೂ ಇತ್ತು, ಸಾಲಲಿಲ್ಲ ಅಷ್ಟೇ.

ನಿಜ ಜೀವನದ್ದೂ ಒಂದು ಹೇಳಿ. 1931ರಲ್ಲಿ ಇದೇ ಅಲಬಾಮಾದ ಸ್ಕಾಟ್ಸ್‌ಬರೊದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಇಂಥದ್ದೇ ಆರೋಪ ಬಂತು. ಎಂಟು ಜನಕ್ಕೆ ಮರಣದಂಡನೆ ಆಯಿತು. ದೂರು ಕೊಟ್ಟ ಇಬ್ಬರಲ್ಲಿ ಒಬ್ಬಳು ಆಮೇಲೆ ‘ಅಂಥದ್ದೇನೂ ಆಗಿಲ್ಲ’ ಅಂತ ಕೋರ್ಟಲ್ಲೇ ಹೇಳಿದಳು. ಆದರೂ ಜ್ಯೂರಿ ಕೇಳಲಿಲ್ಲ. ಆಗ ಜೇಮ್ಸ್ ಹಾರ್ಟನ್ ಅನ್ನೋ ನ್ಯಾಯಾಧೀಶ 1933ರಲ್ಲಿ ಜ್ಯೂರಿಯ ತೀರ್ಪನ್ನೇ ಪಕ್ಕಕ್ಕಿಟ್ಟ. ಮುಂದಿನ ವರ್ಷ ಚುನಾವಣೆಯಲ್ಲಿ ಸೋತು ಹುದ್ದೆ ಕಳೆದುಕೊಂಡ. ಆ ಹುಡುಗರು ವರ್ಷಗಟ್ಟಲೆ ಜೈಲಲ್ಲಿ ಕೊಳೆತರು ನಿಜ. ಆದರೆ ಅವರ ಮರಣದಂಡನೆ ಜಾರಿ ಆಗಲಿಲ್ಲ. ಧೈರ್ಯದಿಂದ ಏನು ಸಿಕ್ತು ಅಂದರೆ, ಅಲ್ಲಿ ಪ್ರಾಣ ಉಳಿಯಿತು.

ಸಾಧನಕೇರಿ_ಸಂಜೆ

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದು ಭಾರ ಆಗಲ್ವಾ? ಅತ್ಯಾಚಾರ, ಗುಂಪು ಸೇರಿ ಕೊಲ್ಲೋದು… ಅವರಿಗೆ ಇನ್ನೂ ನಗುನಗುತ್ತಾ ಓದುವ ವಯಸ್ಸು.

ವರದಾ_ಟೀಚರ್ (ಹಾವೇರಿ)

@ಸಾಧನಕೇರಿ_ಸಂಜೆ, ನಾನು ಹೈಸ್ಕೂಲಿಗೆ ಕನ್ನಡ ಕಲಿಸುತ್ತೇನೆ. ಕ್ಲಾಸಿನಲ್ಲಿ ಕೂತ ಕೆಲವು ಮಕ್ಕಳಿಗೆ ಇವು ಕಥೆಯಲ್ಲ. ಯಾವ ಮನೆಯ ಒಳಗೆ ಹೋಗಬಾರದು, ಯಾವ ಲೋಟ ಮುಟ್ಟಬಾರದು ಅಂತ ಅವರು ಶಾಲೆಗೆ ಬರುವ ಮೊದಲೇ ಕಲಿತಿರುತ್ತಾರೆ. ಉಳಿದ ಮಕ್ಕಳು ಅದನ್ನು ಪುಸ್ತಕದಲ್ಲಾದರೂ ಓದಲಿ ಬಿಡಿ.

@ಉಣಕಲ್_ಓದುಗ, ನಿಮ್ಮ ಮಗಳ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಆ ನೋಟ್ಸ್‌ನಲ್ಲಿ ಟಾಮ್‌ಗೆ ಕೊಟ್ಟಿರೋದು ‘ಅನ್ಯಾಯ’ ಮಾತ್ರ. ಮುಗ್ಧ ಅಂದರೆ ಏನೂ ತಿಳಿಯದ ಮಗು ಅಂತ ಬರೆಸಿದ್ದಾರೆ, ಆದರೆ ಇಡೀ ಕಾದಂಬರಿಯಲ್ಲಿ ನಿಜವಾಗಿ ನಿರ್ದೋಷಿ ಆದವನು ಟಾಮ್ ತಾನೇ? ಧೈರ್ಯವೂ ಅವನದ್ದೇ ಅನ್ನುತ್ತೇನೆ ನಾನು. ಅವನ ಸಾಕ್ಷಿ ಇನ್ನೊಮ್ಮೆ ಓದಿ. ಕೂಲಿ ಇಲ್ಲದೆ ಆ ಹುಡುಗಿಗೆ ಯಾಕೆ ಕೆಲಸ ಮಾಡಿಕೊಡುತ್ತಿದ್ದೆ ಅಂತ ಸರ್ಕಾರಿ ವಕೀಲ ಕೆಣಕಿ ಕೆಣಕಿ ಕೇಳುತ್ತಾನೆ. ಟಾಮ್ ಹೇಳುತ್ತಾನೆ, ಅವಳನ್ನು ನೋಡಿ ಪಾಪ ಅನಿಸುತ್ತಿತ್ತು ಅಂತ. ಅಷ್ಟು ಹೇಳಿದ್ದೇ ತಡ, ಕೋರ್ಟಿನ ವಾತಾವರಣವೇ ಬದಲಾಗುತ್ತೆ. ಕಪ್ಪು ಮನುಷ್ಯ ಬಿಳಿಯ ಹೆಣ್ಣಿನ ಬಗ್ಗೆ ಕನಿಕರ ಪಡೋದಾ! ಅವನ ಮೇಲೆ ಬೇರೆ ಏನನ್ನೂ ಸಾಬೀತು ಮಾಡಲಾಗದ ಜನಕ್ಕೆ ಅದೊಂದು ಮಾತು ಸಾಕಾಯಿತು. ಟಾಮ್ ಅಲ್ಲಿ ಸುಳ್ಳು ಹೇಳಬಹುದಿತ್ತು, ತಲೆ ತಗ್ಗಿಸಿ ಸುಮ್ಮನಿರಬಹುದಿತ್ತು. ನಿಜ ಹೇಳಿದ. ಆ್ಯಟಿಕಸ್ ಸೋತರೂ ಮನೆಗೆ ಹೋಗಿ ಮಲಗುತ್ತಾನೆ, ಟಾಮ್ ತನ್ನ ಜೀವವನ್ನೇ ಪಣಕ್ಕಿಟ್ಟು ಮಾತಾಡಿದ. ನಿಮ್ಮ ಮಗಳು ಉತ್ತರ ಪತ್ರಿಕೆಯಲ್ಲಿ ಇದನ್ನೇ ಬರೆಯಲಿ. ಅಂಕ ಕಡಿಮೆ ಬಂದರೆ ಬರಲಿ.

ಆಮೇಲೆ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕೈಗೆ ಕೊಡಿ. ಅಲ್ಲಿ ಪಕ್ಕದಲ್ಲಿ ನಿಂತು ನೋಡುವ ಒಳ್ಳೆಯ ವಕೀಲ ಇಲ್ಲ. ಅನ್ಯಾಯ ಆದವನೇ ಕಥೆಯ ನಡುವೆ ಕೂತಿದ್ದಾನೆ. ಚೋಮನ ಹತ್ತಿರ ಎತ್ತುಗಳಿವೆ, ತೋಳಲ್ಲಿ ಬಲ ಇದೆ, ಬೇಸಾಯ ಮಾಡುವ ಆಸೆ ಇದೆ. ಹೊಲೆಯ ಅನ್ನೋ ಒಂದೇ ಕಾರಣಕ್ಕೆ ಗೇಣಿಗೆ ತುಂಡು ಭೂಮಿ ಸಿಗಲ್ಲ. ಒಡೆಯ ಸಂಕಪ್ಪಯ್ಯ ಕೆಟ್ಟವನಲ್ಲ. ಕೊಡೋಣ ಅಂತ ಅವನ ಮನಸ್ಸಿಗೂ ಬರುತ್ತೆ. ತಾಯಿ ಬೇಡ ಅಂದಳು, ಸುಮ್ಮನಾದ. ಮಕ್ಕಳ ಹತ್ತಿರ ಈ ಸಂಕಪ್ಪಯ್ಯನ ಬಗ್ಗೆ ಮಾತಾಡಿಸಿ. ಹೆಚ್ಚಿನ ಜನ ಇವನ ಹಾಗೇ ಇರುತ್ತಾರೆ, ಮನಸ್ಸು ಒಳ್ಳೆಯದು, ಅಮ್ಮನ ಎದುರು ಬಾಯಿ ಬರಲ್ಲ.

ಕಪ್ಪತಗುಡ್ಡ (ಗದಗ)

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಅಮೆರಿಕದವರೆಗೆ ಹೋಗೋದೂ ಬೇಡ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟರು. ಹೋಟೆಲು, ಕ್ಷೌರದ ಅಂಗಡಿಗೆ ಸೇರಿಸುತ್ತಿರಲಿಲ್ಲ ಅನ್ನೋದೂ ಆ ಜಗಳದ ಹಿಂದೆ ಇತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳ ಜಿಲ್ಲಾ ಕೋರ್ಟು 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕೇಸು ಆಮೇಲೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಯಿತು. ಮುಂದೆ ಏನಾದರೂ ಆಗಲಿ, ನಾನು ಯೋಚಿಸೋದು ಸಾಕ್ಷಿ ಹೇಳಿದವರ ಬಗ್ಗೆ. ಹತ್ತು ವರ್ಷ ಅದೇ ಊರು, ಅದೇ ಓಣಿ, ಎದುರು ಸಿಗುವವರು ಅವರೇ. ಅಂಥ ಕಡೆ ಇದ್ದುಕೊಂಡು ಕಟಕಟೆಯಲ್ಲಿ ನಿಂತು ‘ಇವರೇ’ ಅಂತ ಬೆರಳು ತೋರಿಸಬೇಕು. ಯಾವ ವಕೀಲನಿಗೂ ಅಷ್ಟು ಧೈರ್ಯ ಬೇಕಾಗಲ್ಲ. ನಿಮ್ಮ ಮಗಳಿಗೆ ಈ ಸುದ್ದಿಯನ್ನೂ ಓದಿಸಿ.

ನವನಗರ_ಲಾ

@ಕಪ್ಪತಗುಡ್ಡ, ಸಾಕ್ಷಿಗಳ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಆದರೆ ವಕೀಲನನ್ನು ಪೂರ್ತಿ ಕೈಬಿಡಬೇಡಿ. ಆ ಸಾಕ್ಷಿ ಮಾತಾಡೋಕೆ ಒಂದು ಜಾಗ ಬೇಕಲ್ಲ, ಅವನನ್ನು ಕೇಳುವವನು ಬೇಕಲ್ಲ. ನಮ್ಮಲ್ಲಿ ಜ್ಯೂರಿ ಇಲ್ಲ, ನ್ಯಾಯಾಧೀಶರು ಕಾರಣ ಬರೆದೇ ತೀರ್ಪು ಕೊಡಬೇಕು. ಆ ಕಾರಣಗಳನ್ನು ಅವರ ಮುಂದೆ ಇಡುವವರು ವಕೀಲರೇ.

ಉಣಕಲ್_ಓದುಗ (ಹುಬ್ಬಳ್ಳಿ)

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಟಾಮ್‌ನ ಸಾಕ್ಷಿಯ ಭಾಗವನ್ನು ಇಬ್ಬರೂ ಕೂತು ಮತ್ತೆ ಓದಿದೆವು. ಅದಾದ ಮೇಲೆ ಅವಳೇ ಮುಂದಿನ ಪುಟ ಹುಡುಕಿ ಟಾಮ್‌ನ ಹೆಂಡತಿ ಹೆಲೆನ್‌ಳ ವಿಷಯ ತೆಗೆದಳು. ಟಾಮ್ ಸತ್ತ ಮೇಲೆ ಲಿಂಕ್ ಡೀಸ್ ಅನ್ನೋ ಧಣಿ, ಅಗತ್ಯ ಇಲ್ಲದಿದ್ದರೂ ಅವಳಿಗೆ ಕೆಲಸ ಕೊಡುತ್ತಾನೆ. ಅವಳು ಯೂವೆಲ್ ಮನೆಯ ಮುಂದೆ ಹಾಯಲು ಹೆದರಿ ಹೆಚ್ಚುಕಡಿಮೆ ಒಂದು ಮೈಲಿ ಸುತ್ತಿ ಬರುತ್ತಿದ್ದಾಳೆ ಅಂತ ಗೊತ್ತಾದಾಗ, ತಾನೇ ಅಲ್ಲಿಗೆ ಹೋಗಿ ಯೂವೆಲ್‌ಗೆ ತಾಕೀತು ಮಾಡುತ್ತಾನೆ. ವಿಚಾರಣೆ ನಡೆಯುವಾಗಲೂ ಎದ್ದು ನಿಂತು ‘ಈ ಹುಡುಗ ನನ್ನ ಹತ್ತಿರ ಎಂಟು ವರ್ಷ ದುಡಿದಿದ್ದಾನೆ, ಅವನಿಂದ ಒಂದು ಚೂರೂ ತೊಂದರೆ ಆಗಿಲ್ಲ’ ಅಂತ ಕೂಗಿ ಜಡ್ಜ್‌ನಿಂದ ಬೈಸಿಕೊಂಡವನು ಇವನೇ. ನೋಟ್ಸ್‌ನಲ್ಲಿ ಈ ಮನುಷ್ಯನ ಹೆಸರೇ ಇಲ್ಲ. ಅವಳು ಅವನ ಬಗ್ಗೆ, ಹೆಲೆನ್ ಬಗ್ಗೆ ಒಂದು ಪುಟ ಬರೆಯುತ್ತೇನೆ ಅಂತ ಕೂತಿದ್ದಾಳೆ.

‘ಚೋಮನ ದುಡಿ’ ಧಾರವಾಡದ ಸುಭಾಸ್ ರೋಡಿನಲ್ಲಿ ಸಿಗುತ್ತಾ, ಯಾರಿಗಾದರೂ ಗೊತ್ತಾ? ಶನಿವಾರ ಆ ಕಡೆ ಹೋಗುವವನಿದ್ದೇನೆ.