ತೆರೆಯ ಮೇಲಿನ ಪಾಠಕ್ಕೆ ಎಡ-ಬಲ ಉಂಟೇ?

ಪ್ರಶ್ನೆ: ಶಿರಸಿಯ ಉಪನ್ಯಾಸಕಿ

ನಾನು ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಮಳೆಯ ಕಾರಣಕ್ಕೆ ರಜೆ ಘೋಷಣೆಯಾದ ದಿನಗಳಲ್ಲಿ ಒಂದು ವಿಭಾಗಕ್ಕೆ ಹೃದಯದ ಪಾಠವನ್ನು ಜೂಮ್‌ನಲ್ಲಿ ಮಾಡಿದೆ. ಇನ್ನೊಂದು ವಿಭಾಗಕ್ಕೆ ಅದನ್ನೇ ಕಾಲೇಜಿನಲ್ಲಿ, ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದೆ. ಹಲಗೆ ನೋಡಿದವರು ವಾರದ ಮೇಲೂ ‘ಬಾಗಿಲ ಕಡೆಗೆ ಬರೆದಿದ್ದಿರಲ್ಲ, ಆ ಕವಾಟ’ ಎಂದು ಕೈ ತೋರಿಸಿ ಹೃದಯದ ಎಡಭಾಗದ ದ್ವಿದಳ ಕವಾಟವನ್ನು ಗುರುತಿಸುತ್ತಾರೆ. ತೆರೆಯಲ್ಲಿ ಕಲಿತವರಿಗೆ ಹೆಸರುಗಳೆಲ್ಲ ಬರುತ್ತವೆ, ಆದರೆ ಎಡ-ಬಲ ಅದಲುಬದಲಾಗುತ್ತದೆ. ಚಿತ್ರದಲ್ಲಿ ಹೃದಯದ ಎಡಭಾಗವು ನೋಡುವವರ ಬಲಕ್ಕೆ ಬರುವುದರಿಂದ ಗೊಂದಲ ಸಹಜವೆಂದು ಒಪ್ಪುತ್ತೇನೆ, ಆದರೆ ಅದು ಒಂದೇ ವಿಭಾಗಕ್ಕೆ ಏಕೆ ಕಾಡಬೇಕು? ಆನ್‌ಲೈನ್ ಪಾಠ ಮಕ್ಕಳ ಮನಸ್ಸಿನಲ್ಲಿ ಎಲ್ಲಿ ನಡೆಯುತ್ತದೆ?

ಉತ್ತರ 1: ಯಲ್ಲಾಪುರ ಕಡೆಯ ವಿದ್ಯಾರ್ಥಿನಿ

ಮೇಡಂ, 2020ರಲ್ಲಿ ಶಾಲೆಗಳು ಮುಚ್ಚಿದಾಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ಮನೆಯಲ್ಲಿ ಸಿಗ್ನಲ್ ಸಿಗದ ಕಾರಣ ಅಪ್ಪ ಬೆಟ್ಟದ ಮೇಲೆ ಅಡಿಕೆ ದಬ್ಬೆ ಮತ್ತು ತಾಡಪಾಲಿನಿಂದ ಸಣ್ಣ ಮಾಡು ಕಟ್ಟಿಕೊಟ್ಟಿದ್ದರು. ಅಲ್ಲಿ ಕೇಳಿದ ತ್ರಿಕೋನಮಿತಿಯನ್ನು ಇಂದು ನೆನೆದರೆ ಮೊಬೈಲಿನ ತೆರೆ ಕಣ್ಣೆದುರು ಬರುವುದೇ ಇಲ್ಲ, ಎದುರಿಗಿದ್ದ ಮತ್ತಿ ಮರ ಬರುತ್ತದೆ. ಉನ್ನತ ಕೋನ, ಅಂದರೆ ಮರದ ತುದಿ ನೋಡಲು ಕಣ್ಣು ಮೇಲೆತ್ತುವ ಕೋನ, 45 ಡಿಗ್ರಿ ಆಗುವಷ್ಟು ಹಿಂದೆ ಸರಿದು ನಿಂತರೆ, ಮರದಿಂದ ನಮಗಿರುವ ದೂರಕ್ಕೆ ನಮ್ಮ ಕಣ್ಣಿನ ಎತ್ತರವನ್ನು ಕೂಡಿದಾಗ ಮರದ ಎತ್ತರ ಸಿಗುತ್ತದೆ ಎಂಬುದನ್ನು ನಾನು ಅದರ ಬುಡದಿಂದ ಹೆಜ್ಜೆ ಎಣಿಸಿಯೇ ತಿಳಿದುಕೊಂಡೆ. ಅದೇ ಪಾಠವನ್ನು ನನ್ನ ಗೆಳತಿ ಕೊಟ್ಟಿಗೆಯ ಪಕ್ಕ ಕುಳಿತು ಕೇಳಿದ್ದಳು. ಪಾಠಕ್ಕೆ ಜಾಗವಿತ್ತು, ಆದರೆ ಅವಳ ಜಾಗ ಬೇರೆ, ನನ್ನದು ಬೇರೆ. ‘ಆ ಮೂಲೆಯಲ್ಲಿ ಬರೆದದ್ದು’ ಎಂದು ಇಬ್ಬರೂ ಒಂದೇ ಕಡೆ ಕೈ ತೋರಿಸಲು ಆಗುತ್ತಿರಲಿಲ್ಲ.

ಉತ್ತರ 2: ಕಾರವಾರದ ಮನೋವಿಜ್ಞಾನ ಅಧ್ಯಾಪಕ

ಈ ವಿದ್ಯಾರ್ಥಿನಿಯ ಮಾತಿನಲ್ಲಿಯೇ ಅರ್ಧ ಉತ್ತರವಿದೆ. ಪ್ರಾಣಿಯು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ನರಕೋಶಗಳನ್ನು ನರವಿಜ್ಞಾನಿ ಜಾನ್ ಓಕೀಫ್ 1971ರಲ್ಲಿ ಇಲಿಯ ಮಿದುಳಿನ ಹಿಪೊಕ್ಯಾಂಪಸ್‌ನಲ್ಲಿ ಗುರುತಿಸಿದರು. 2014ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಘಟನೆಗಳ ನೆನಪಿಗೂ ಅದೇ ಹಿಪೊಕ್ಯಾಂಪಸ್ ಬೇಕು, ಹಾಗಾಗಿ ನೆನಪಿಗೆ ಜಾಗವೂ ಅಂಟಿಕೊಳ್ಳುವುದರಲ್ಲಿ ಅಚ್ಚರಿಯಿಲ್ಲ. ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುವವರನ್ನು ಕಂಡಾಗಲೆಲ್ಲ ನನಗೆ ಮನೋವಿಜ್ಞಾನಿಗಳಾದ ಗಾಡನ್ ಮತ್ತು ಬ್ಯಾಡ್‌ಲಿ ಅವರ 1975ರ ಪ್ರಯೋಗ ನೆನಪಾಗುತ್ತದೆ: ನೀರಿನಡಿ ಕಲಿತ ಪದಗಳು ಮುಳುಗುಗಾರರಿಗೆ ನೀರಿನಡಿಯಲ್ಲೇ ಹೆಚ್ಚು ನೆನಪಾದವು, ದಡದಲ್ಲಿ ಕಲಿತವು ದಡದಲ್ಲಿ. 2021ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ಅದೇ ಫಲಿತಾಂಶ ಬರಲಿಲ್ಲವಾದ್ದರಿಂದ ಅದರ ಮೇಲೆ ಹೆಚ್ಚು ಭಾರ ಹಾಕಲಾರೆ.

ನಿಮ್ಮ ತೊಂದರೆಗೆ ಇನ್ನೂ ಹತ್ತಿರದ ಕಾರಣವೊಂದಿದೆ ಎಂದು ನನ್ನ ಊಹೆ. ಜೂಮ್‌ನಲ್ಲಿ ನಮ್ಮ ಮುಖ ನಮಗೆ ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡಂತೆ ತಿರುವಿ ಕಾಣುತ್ತದೆ, ಇತರರಿಗೆ ಹಾಗಲ್ಲ. ನೀವು ಎದೆ ಮುಟ್ಟಿ ‘ಎಡ’ ಎಂದಾಗ ನಿಮಗೆ ಕಾಣುವ ಬದಿಯೇ ಬೇರೆ, ಮಕ್ಕಳಿಗೆ ಕಾಣುವ ಬದಿಯೇ ಬೇರೆ. ಮೇಲಾಗಿ, ಸ್ಲೈಡ್ ಬದಲಾದೊಡನೆ ಹಿಂದಿನದು ಮಾಯವಾಗಿ ಹೊಸದು ಅದೇ ಚೌಕಟ್ಟಿನಲ್ಲಿ ಕೂರುವುದರಿಂದ ಕವಾಟಕ್ಕೂ ಮಹಾಪಧಮನಿಗೂ ಮಕ್ಕಳ ಕಣ್ಣಲ್ಲಿ ಒಂದೇ ವಿಳಾಸ.

ಉತ್ತರ 3: ಕುಮಟಾದ ನಿವೃತ್ತ ಮಾಸ್ತರ

ತರಗತಿಯನ್ನು ಇಷ್ಟು ಹೊಗಳಬೇಡಿ. ಕೊನೆಯ ಬೆಂಚಿನವನಿಗೆ, ಅದೂ ಹೊಳೆಯುವ ಹಲಗೆಯಾದರೆ, ಆ ‘ಬಾಗಿಲ ಕಡೆಯ ಕವಾಟ’ ಕಾಣುವುದೇ ಇಲ್ಲ. ತೆರೆಯಲ್ಲಿ ಹಿಂದಿನ ಬೆಂಚು ಎಂಬುದಿಲ್ಲ. ಅಂದ ಮೇಲೂ, ಮುಂದಿನ ಸಲ ಸ್ಲೈಡ್ ಬಿಟ್ಟು ಮೊಬೈಲನ್ನು ಒಂದೇ ಹಲಗೆಗೆ ತಿರುಗಿಸಿಟ್ಟು, ಪಾಠ ಮುಗಿಯುವವರೆಗೆ ಒರೆಸದೆ ಬರೆಯಿರಿ.

ಪ್ರಶ್ನೆ ಕೇಳಿದವರ ಉತ್ತರ

ಮಾಸ್ತರರು ಹೇಳಿದಂತೆಯೇ ಮೂತ್ರಪಿಂಡದ ಪಾಠಕ್ಕೆ ಹಲಗೆಯನ್ನೇ ತೋರಿಸಿದೆ. ಮಕ್ಕಳೆಲ್ಲರೂ ಮೊದಲು ತಮ್ಮ ಬಲಗೈಯನ್ನು ತಮ್ಮ ಬಲ ಸೊಂಟದ ಮೇಲಿಟ್ಟುಕೊಂಡು ನಂತರ ಚಿತ್ರ ಬರೆಯಲಿ ಎಂದೆ. ಒಬ್ಬ ಹುಡುಗ ಮಾತ್ರ ಸೊಂಟದ ಮೇಲೆ ಕೈ ಇಡಲಿಲ್ಲ. ಕೇಳಿದರೆ, ಜಗಲಿಯಲ್ಲಿ ಅಜ್ಜ ನೋಡುತ್ತಿದ್ದಾರೆ, ನಾಚಿಕೆಯಾಗುತ್ತದೆ ಎಂದ.